ರೈಟ್ ಪೋಯಿ

ಹದಿನಾಲ್ಕು ವರ್ಷ ಬಾಗಿಲಲ್ಲಿ ಜೋತು
ಸ್ಟೇಟ್‌ಬ್ಯಾಂಕಿನಿಂದ ದೇರಳಕಟ್ಟೆಗೆ ಜನ ತುಂಬಿದವನು ನಾನು.
ಒಂದು ತಟ್ಟಿದರೆ ನಿಲ್ಲಬೇಕು, ಎರಡು ತಟ್ಟಿದರೆ ಹೊರಡಬೇಕು.
ತಗಡಿಗೆ ತಾಗಿ ತಾಗಿ
ಬಲಗೈಯ ಉಂಗುರ ಚಪ್ಪಟೆಯಾಗಿದೆ.

ಕೊನೇ ಸ್ಟಾಪಿನಲ್ಲಿ ಇಳಿಯುವವರ ಕೈಯಲ್ಲಿ
ಎಕ್ಸ್‌ರೇ ಲಕೋಟೆ, ಫ್ಲಾಸ್ಕು, ಸುತ್ತಿದ ಚಾಪೆ.
ಬೇಗ ಇಳಿಯಿರಿ, ಬೇಗ, ಎಂದು
ಎಷ್ಟು ಜನರನ್ನು ಗದರಿಸಿದ್ದೇನೋ.
ಜನವರಿಯಲ್ಲಿ ಫ್ಲಾಸ್ಕು ಹಿಡಿದು ನಾನೇ ಇಳಿದೆ,
ಹಿಂದೆ ಗುಲಾಬಿ, ಅವಳ ಸೆರಗು ಹಿಡಿದು ಯಶ್ವಿತಾ,
ಒಂಬತ್ತು ವರ್ಷ,
ಬಾಯಿ ಒಂದು ಬೆರಳಿನಷ್ಟೂ ತೆರೆಯದ ಹುಡುಗಿ.

ಮೂರು ತುಂಬುವ ಮೊದಲು ಜಗಲಿಯಿಂದ ಬಿದ್ದು
ಗದ್ದ ಒಡೆದಿತ್ತು. ಹೊಲಿಗೆ ಹಾಕಿಸಿದೆವು, ಮರೆತೆವು.
ಕಿವಿಯ ಹತ್ತಿರ ಒಳಗೊಳಗೇ ಎಲುಬಿಗೆ ಎಲುಬು ಅಂಟಿ
ದವಡೆ ಬೆಳೆಯಲೇ ಇಲ್ಲ.
"ಮಡಿಲಲ್ಲಿ ಗೆರಸೆ ಇತ್ತು, ಬೀಡಿ ಕಟ್ಟುತ್ತಿದ್ದೆ, ನೋಡಲಿಲ್ಲ"
ಇದನ್ನು ಗುಲಾಬಿ ಇಷ್ಟು ವರ್ಷ ಯಾರಿಗೂ ಹೇಳದೆ
ಆಪರೇಷನ್ ಥಿಯೇಟರಿನ ಹೊರಗೆ
ಏಳನೇ ಗಂಟೆಯಲ್ಲಿ ನನಗೆ ಹೇಳಿದಳು.
ನಾನು ಚಾ ತಂದುಕೊಟ್ಟೆ. ಬೇರೇನೂ ತೋಚಲಿಲ್ಲ.

ಪಕ್ಕೆಲುಬಿನ ತುಂಡೊಂದನ್ನು ತೆಗೆದು
ದವಡೆಗೆ ಕೂರಿಸಿದ್ದಾರೆ.
ಹೊರಗೆ ಬಂದ ಮುಖ ಜೀಗುಜ್ಜೆಯಷ್ಟು ಊದಿತ್ತು,
ಕಣ್ಣು ಬರೀ ಗೆರೆ. ಕಿವಿಯ ಮುಂದೆ ಕಪ್ಪು ದಾರ.
ಅಮ್ಮ ಮನೆಯ ಕನ್ನಡಿಗೆ ಬೈರಾಸು ಹೊದಿಸಿಟ್ಟಿದ್ದರು.
ಬಂದ ದಿನವೇ ಅವಳು ಅದನ್ನೆಳೆದು
ತುಂಬ ಹೊತ್ತು ನೋಡಿ
ಬೈರಾಸನ್ನು ನಾಲ್ಕು ಮಡಿಕೆ ಮಡಚಿ ಅಜ್ಜಿಯ ಕೈಗೆ ಕೊಟ್ಟಳು.

ಗಂಜಿ ತಿಳಿ, ಸೋಸಿದ ರಾಗಿ, ಸಿರಿಂಜು.
ಮನೆಯಲ್ಲಿ ಬಂಗುಡೆ ಹುರಿಯುವುದು ನಿಂತಿತು.
ಮಗ ಧನುಷ್ ಗಡಂಗಿನ ಹತ್ತಿರ ತಿಂದು
ಬಾಯಿ ತೊಳೆದು ಬರುತ್ತಿದ್ದ.
ಟಿಕೆಟಿನ ಹಿಂದೆ ಪೆನ್ಸಿಲಿನಲ್ಲಿ ಬರೆದಳು:
ಮೀನು ಹುರೀರಿ. ಅಣ್ಣನ ಅಂಗಿಯಲ್ಲಿ ಹೇಗೂ ವಾಸನೆ ಬರ್ತದೆ.

ಕಷ್ಟ ಸುರುವಾದ್ದು ಬಾವು ಇಳಿದ ಮೇಲೆ.
ಐಸ್‌ಕ್ಯಾಂಡಿ ಕಡ್ಡಿ. ಒಂದರ ಮೇಲೊಂದು ಪೇರಿಸಿ
ಹಲ್ಲಿನ ನಡುವೆ ತೂರಿಸಬೇಕು, ದಿನಕ್ಕೆ ಆರು ಸಲ.
ಅಳುತ್ತಾಳೆಂದು ಬಿಟ್ಟರೆ ಮತ್ತೆ ಅಂಟುತ್ತದೆ, ಎಂದರು ಡಾಕ್ಟರು.
ಗುಲಾಬಿಯ ಕೈ ನಡುಗುತ್ತದೆ. ಅಮ್ಮ ದೇವರ ಕೋಣೆಗೆ ಹೋಗುತ್ತಾರೆ.
ಹಾಗಾಗಿ ನಾನು.
ಮಂಚಕ್ಕೆ ತಟ್ಟು ಎಂದೆ, ಬಸ್ಸಿನ ಹಾಗೆ.
ಒಂದು ತಟ್ಟಿದರೆ ಖಂಡಿತ ನಿಲ್ಲಿಸುತ್ತೇನೆ.

ಏಳನೇ ಕಡ್ಡಿಗೆ ತಟ್ಟಿದಳು. ನಿಲ್ಲಿಸಿದೆ.
ಮರುದಿನವೂ ಏಳು.
ಅದರ ಮರುದಿನ ಆರು.
ಆಮೇಲೊಂದು ಸಂಜೆ ಅವಳು ತಟ್ಟಿದಳು
ನಾನು ಎಂಟನೆಯದನ್ನು ತೂರಿಸಿದೆ.
ಮತ್ತೆ ತಟ್ಟಿದಳು. ಎರಡಲ್ಲ. ಒಂದು. ಒಂದು. ಒಂದು.
ಕೇಳಿಯೂ ನಿಲ್ಲಿಸದ ಕಂಡಕ್ಟರನಿಗೆ
ಜನ ಏನೆಲ್ಲ ಬೈಯುತ್ತಾರೆಂದು ನನಗೆ ಗೊತ್ತಿದೆ.
ಅವಳ ಕಣ್ಣೀರು ಹರಿದು ಕಿವಿಯ ಗಾಯಕ್ಕೆ ತಾಗಿತು.
ನಾಲ್ಕು ದಿನ ನನ್ನ ಪಕ್ಕ ಕೂರಲಿಲ್ಲ.

ಒಂದು ರಾತ್ರಿ ಗುಲಾಬಿ ಹಳೇ ಫೋಟೋ ತೆಗೆದಿದ್ದಳು,
ಅಂಗನವಾಡಿಯದು, ಗದ್ದವೇ ಇಲ್ಲದ ಹಕ್ಕಿಮರಿ ಮುಖ.
"ಇವಳು ಎಲ್ಲಿಗೆ ಹೋದಳು ಮಾರಾಯ್ರೆ?"
ತೀರ ಮೆಲ್ಲಗೆ,
ಮಲಗಿದವಳಿಗೆ ಕೇಳದ ಹಾಗೆ.
ನನಗೂ ನೆನಪಾಗುತ್ತಿತ್ತು. ಹೇಳಲಿಲ್ಲ.

ಮಾರ್ಚಿನ ಸೆಕೆ. ಬೆಳಿಗ್ಗೆ ಖಾಕಿ ಗುಂಡಿ ಹಾಕುತ್ತಿದ್ದೆ,
ಒಳಗೆ ಮಂಚದ ಸದ್ದು.
ಹೋದರೆ, ಕನ್ನಡಿಯೆದುರು ಅವಳೇ ಕೂತು
ಬೆವರಿ, ತಾನೇ ಕಡ್ಡಿ ತೂರಿಸುತ್ತಿದ್ದಾಳೆ.
ಅಮ್ಮ ಬಾಗಿಲಲ್ಲಿ ನಿಂತು ಬೆರಳು ಮಡಚುತ್ತಿದ್ದಾರೆ, ಹನ್ನೆರಡು.
ಹದಿಮೂರನೆಯದನ್ನು ನನ್ನತ್ತ ಚಾಚಿದಳು.
ನಾನು ಕೈ ಹಿಂದೆಗೆದೆ.
ಅವಳು ಹುಬ್ಬು ಗಂಟಿಕ್ಕಿ, ಎಡಗೈಯಿಂದ, ಮಂಚಕ್ಕೆ,
ಟಕ್ ಟಕ್.

ಆ ದಿನ ಮೊದಲ ಟ್ರಿಪ್ಪಿಗೆ ಹತ್ತು ನಿಮಿಷ ತಡ.
ಎಂಥ ಆಯ್ತು ಎಂದು ಡ್ರೈವರ್ ಕೇಳಿದ.
ಉತ್ತರ ಗಂಟಲಲ್ಲೇ ಇತ್ತು, ಹಾಗಾಗಿ
ತಗಡಿಗೆ ತಟ್ಟಿದೆ.